ಕಿಮೋಗೆ ಬಗ್ಗದ ಲ್ಯುಕೇಮಿಯಾ: ಜೊತೆಗೆ ಗಿಡದ ಸಾರ ಕೊಡಬಹುದೇ?

ಪ್ರಶ್ನೆ: ನಮ್ಮ ಅಣ್ಣನಿಗೆ 54 ವರ್ಷ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್. ಮೊದಲ ಸುತ್ತಿನ ಕಿಮೋಗೆ ರೋಗ ತಗ್ಗಿತ್ತು, ಏಳು ತಿಂಗಳಿಗೆ ಮರುಕಳಿಸಿದೆ. ಕೋಶಗಳು ಔಷಧಕ್ಕೆ ಬಗ್ಗುತ್ತಿಲ್ಲ ಎನ್ನುತ್ತಿದ್ದಾರೆ. ಗಿಡದ ಸಾರವನ್ನು ಕಿಮೋ ಔಷಧದೊಂದಿಗೆ ಬೆರೆಸಿದಾಗ ಪ್ರತಿರೋಧ ಬೆಳೆಸಿಕೊಂಡ ಲ್ಯುಕೇಮಿಯಾ ಕೋಶಗಳೂ ಸತ್ತವು ಎಂಬ ಸಂಶೋಧನಾ ಪ್ರಬಂಧ ಓದಿದೆ. ಅರಿಶಿನದ ಕ್ಯಾಪ್ಸೂಲ್, ಹಸಿರು ಚಹಾದ ಸಾರ, ಅಮೃತಬಳ್ಳಿ ಕಷಾಯ ಇವನ್ನು ಕಿಮೋ ಜೊತೆ ಕೊಡಬಹುದೇ? ಇಂಥ ಪ್ರಬಂಧಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಕೊಡಬೇಡಿ. ಈಗಾಗಲೇ ಕೊಡುತ್ತಿದ್ದರೆ ಮುಂದಿನ ಡೋಸ್ ಹಾಕುವ ಮೊದಲೇ ಚಿಕಿತ್ಸೆ ನೀಡುವ ರಕ್ತರೋಗ ತಜ್ಞರಿಗೆ ತಿಳಿಸಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಎರಡನೆಯ ಪ್ರಶ್ನೆಗೆ ಉತ್ತರ ಉದ್ದ. ನೀವು ಓದಿದ ಪ್ರಬಂಧ ಸುಳ್ಳೆಂದು ಹೇಳುತ್ತಿಲ್ಲ. ಪ್ಲಾಸ್ಟಿಕ್ ತಟ್ಟೆಯೊಳಗಿನ ಕೋಶಕ್ಕೆ ಏನಾಯಿತು ಎಂಬುದಕ್ಕೆ ಅದು ಉತ್ತರ ಕೊಟ್ಟಿದೆ. ನೀವು ಕೇಳುತ್ತಿರುವುದು ಒಬ್ಬ ಮನುಷ್ಯನ ಬಗ್ಗೆ. ಇವೆರಡರ ನಡುವೆ ಎರಡು ಲೆಕ್ಕಗಳು ನಿಲ್ಲುತ್ತವೆ: ಕೋಶ ಯಾವ ದಾರಿಯಿಂದ ತಪ್ಪಿಸಿಕೊಳ್ಳುತ್ತಿದೆ, ಮತ್ತು ಸಾರದಲ್ಲಿನ ವಸ್ತು ರಕ್ತದಲ್ಲಿ ಎಷ್ಟು ಪ್ರಮಾಣಕ್ಕೆ ಏರುತ್ತದೆ.

ಗಿಡ ಈಗಾಗಲೇ ಕಿಮೋದೊಳಗಿದೆ

ಗಿಡಮೂಲಿಕೆ ಒಂದು ಕಡೆ, ಕಿಮೋ ಇನ್ನೊಂದು ಕಡೆ ಎಂಬ ಕಲ್ಪನೆಯೇ ಪೂರ್ತಿ ಸರಿಯಲ್ಲ. ಮಕ್ಕಳ ಲ್ಯುಕೇಮಿಯಾದಲ್ಲಿ ಇಂದಿಗೂ ಬೆನ್ನೆಲುಬಿನಂತಿರುವ ವಿನ್‌ಕ್ರಿಸ್ಟಿನ್ ಬಂದದ್ದು ನಿತ್ಯಪುಷ್ಪದ ಎಲೆಯಿಂದ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1963ರಲ್ಲಿ. ಎಟೊಪೊಸೈಡ್‌ನ ಮೂಲ ಪೊಡೊಫಿಲ್ಲಮ್ ಜಾತಿಯ ಗಿಡಗಳ ಬೇರು. ಸೆಫಲೊಟ್ಯಾಕ್ಸಸ್ ಎಂಬ ಮರದಲ್ಲಿರುವ ಹೋಮೋಹ್ಯಾರಿಂಗ್ಟೋನಿನ್ ಅನ್ನು ಒಮಾಸೆಟಾಕ್ಸಿನ್ ಎಂಬ ಹೆಸರಿನಲ್ಲಿ 2012ರಲ್ಲಿ ಅನುಮೋದಿಸಿದ್ದು ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಸಂದರ್ಭಕ್ಕೇ: ಎರಡು ಅಥವಾ ಹೆಚ್ಚು ಟೈರೊಸಿನ್ ಕೈನೇಸ್ ತಡೆಮದ್ದುಗಳಿಗೆ (ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಕಿಣ್ವವನ್ನು ತಡೆಯುವ ಇಮಾಟಿನಿಬ್‌ನಂಥ ಔಷಧಗಳಿಗೆ) ಬಗ್ಗದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ. ಅಂದರೆ ಸಸ್ಯಮೂಲದ ವಸ್ತು ಔಷಧ ಪ್ರತಿರೋಧವನ್ನು ಗೆದ್ದ ಉದಾಹರಣೆ ಇದೆ.

ಆದರೆ ಅದು ಯಾವ ರೂಪದಲ್ಲಿ ಗೆದ್ದಿತು ನೋಡಿ. ಒಮಾಸೆಟಾಕ್ಸಿನ್ ಕೊಡುವುದು ಚರ್ಮದಡಿಯ ಚುಚ್ಚುಮದ್ದಾಗಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 1.25 ಮಿಲಿಗ್ರಾಂ, ದಿನಕ್ಕೆರಡು ಬಾರಿ, 28 ದಿನದ ಸುತ್ತಿನಲ್ಲಿ ಮೊದಲ 14 ದಿನ. ರೋಗ ಹತೋಟಿಗೆ ಬಂದ ಮೇಲೆ 7 ದಿನ. ವಿನ್‌ಕ್ರಿಸ್ಟಿನ್ ಸಾಮಾನ್ಯ ಡೋಸ್ ಚದರ ಮೀಟರ್‌ಗೆ 1.4ರಿಂದ 1.5 ಮಿಲಿಗ್ರಾಂ, ಹೆಚ್ಚಿನ ಪದ್ಧತಿಗಳಲ್ಲಿ ಒಮ್ಮೆಗೆ 2 ಮಿಲಿಗ್ರಾಂ ಮೀರಿಸುವುದಿಲ್ಲ. ರಕ್ತನಾಳದ ಬದಲು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಅದು ಪ್ರಾಣವನ್ನೇ ತೆಗೆಯುತ್ತದೆ. ಇಷ್ಟು ಬಿಗಿಯಾಗಿ ಅಳೆದು ಕೊಡಬೇಕಾದ ವಸ್ತುವನ್ನು ಎಲೆ ಅರೆದು ಕುಡಿಸುವುದು ಸಾಧ್ಯವಿಲ್ಲ. ಒಂದು ಗ್ರಾಂ ಶುದ್ಧ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಉಳಿದ ಎಲೆಯಲ್ಲೂ ಹತ್ತಾರು ಬೇರೆ ಆಲ್ಕಲಾಯ್ಡ್‌ಗಳಿವೆ, ಅವೂ ದೇಹದ ಮೇಲೆ ಕೆಲಸ ಮಾಡುತ್ತವೆ.

‘ಬಗ್ಗುತ್ತಿಲ್ಲ’ ಎಂಬ ಒಂದು ಮಾತಿನೊಳಗೆ ಹಲವು ರೋಗಗಳು

ಪ್ರತಿರೋಧ ಎಂದರೆ ಒಂದೇ ಬೀಗ, ಸರಿಯಾದ ಗಿಡ ಸಿಕ್ಕರೆ ಒಂದೇ ಕೀಲಿ ಎಂಬಂತೆ ಬಹಳ ಪ್ರಬಂಧಗಳು ಬರೆದುಕೊಳ್ಳುತ್ತವೆ. ವಾಸ್ತವ ಹಾಗಿಲ್ಲ.

ಎಲ್ಲರಿಗೂ ಪರಿಚಿತವಾದ ದಾರಿ ಪಂಪಿನದು. ಕೋಶದ ಪೊರೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಎಂಬ ಪ್ರೋಟೀನು ಒಳಬಂದ ಔಷಧವನ್ನು ಹೊರಗೆ ತಳ್ಳುತ್ತದೆ; 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಎಂಬ ಸಂಶೋಧಕರು ಇದನ್ನು ವರದಿ ಮಾಡಿದರು. ಡೌನೊರುಬಿಸಿನ್, ಎಟೊಪೊಸೈಡ್, ವಿನ್‌ಕ್ರಿಸ್ಟಿನ್ ಇವೆಲ್ಲ ಈ ಪಂಪಿಗೆ ಸಿಕ್ಕಿಬೀಳುವ ಔಷಧಗಳು. ಗಿಡದ ಸಾರಗಳ ಮೇಲಿನ ಪ್ರಯೋಗಗಳಲ್ಲಿ ದೊಡ್ಡ ಪಾಲು ಈ ಪಂಪಿನ ಸುತ್ತಲೇ ಇದೆ, ಅದನ್ನು ಅಳೆಯುವುದು ಸುಲಭ ಎಂಬುದು ಅದಕ್ಕೊಂದು ಕಾರಣ.

ಎಎಂಎಲ್ ಚಿಕಿತ್ಸೆಯ ಮುಖ್ಯ ಔಷಧ ಸೈಟರಾಬಿನ್. ಅದು ಈ ಪಂಪಿನಿಂದ ಹೊರಹೋಗುವ ಔಷಧವೇ ಅಲ್ಲ. ನ್ಯೂಕ್ಲಿಯೊಸೈಡ್ ಸಾಗಣೆಯ ಬಾಗಿಲಿನಿಂದ ಒಳಬಂದು, ಡಿಆಕ್ಸಿಸೈಟಿಡಿನ್ ಕೈನೇಸ್ ಎಂಬ ಕಿಣ್ವದಿಂದ ಫಾಸ್ಫೇಟ್ ಕೂಡಿಸಿಕೊಂಡು ಕೊನೆಗೆ ಸಕ್ರಿಯವಾಗುತ್ತದೆ. ಬಾಗಿಲು ಕಡಿಮೆಯಾದರೂ, ಆ ಕಿಣ್ವ ತಗ್ಗಿದರೂ, ಸಕ್ರಿಯ ರೂಪವನ್ನು ಒಡೆಯುವ ಎಸ್‌ಎಎಂಎಚ್‌ಡಿ1 ಎಂಬ ಇನ್ನೊಂದು ಪ್ರೋಟೀನು ಹೆಚ್ಚಾದರೂ ಔಷಧ ಸೋಲುತ್ತದೆ. ಅಲ್ಲಿ ಪಂಪನ್ನು ಎಷ್ಟು ಕಟ್ಟಿಹಾಕಿದರೂ ಪ್ರಯೋಜನವಿಲ್ಲ.

ಎಎಂಎಲ್‌ಗೆ ಕೊಡುವ ಇನ್ನೊಂದು ಔಷಧ ವೆನೆಟೊಕ್ಲಾಕ್ಸ್ ಸೋತಿದ್ದರೆ ಕಥೆ ಮತ್ತೊಂದು. ಅದು ತಡೆಯುವುದು ಕೋಶವನ್ನು ಸಾಯದಂತೆ ಕಾಯುವ ಬಿಸಿಎಲ್-2 ಪ್ರೋಟೀನನ್ನು. ಆಗ ಕೋಶ ಅದೇ ಬಗೆಯ ಎಂಸಿಎಲ್-1 ಅಥವಾ ಬಿಸಿಎಲ್-ಎಕ್ಸ್‌ಎಲ್ ಮೇಲೆ ಭಾರ ಹಾಕಿ ಬದುಕಿಕೊಳ್ಳುತ್ತದೆ. ಹಾಳಾದ ಕೋಶವನ್ನು ಸಾಯಿಸುವ ಟಿಪಿ53 ಜೀನು ಕೆಟ್ಟಿದ್ದರೆ ಬಹುತೇಕ ಎಲ್ಲ ಕಿಮೋಗೂ ಉತ್ತರ ಮಂದ. ಕ್ರಾನಿಕ್ ಮೈಲಾಯ್ಡ್‌ನಲ್ಲಿ ಟಿ315ಐ ಎಂಬ ಒಂದೇ ಅಕ್ಷರದ ಬದಲಾವಣೆಯಿಂದ ಇಮಾಟಿನಿಬ್ ತನ್ನ ಗುರಿಗೆ ಅಂಟುವುದೇ ಇಲ್ಲ. ಅಂಥ ಬದಲಾವಣೆಯ ಮೇಲೂ ಕೆಲಸ ಮಾಡುವ ಪೊನಾಟಿನಿಬ್, ಅಸಿಮಿನಿಬ್ ಬಂದಿವೆ.

ಹಾಗಾಗಿ ಯಾವ ಸಾರ ಎಂದು ಕೇಳುವ ಮೊದಲು ಕೇಳಬೇಕಾದದ್ದು, ಮರುಕಳಿಸಿದ ಮೇಲೆ ಬೋನ್ ಮ್ಯಾರೋ ತೆಗೆದು ಜೀನ್ ಪರೀಕ್ಷೆ ಮತ್ತೆ ಮಾಡಿದ್ದಾರೆಯೇ ಎಂದು. ರೋಗ ಪತ್ತೆಯಾದಾಗಿನ ವರದಿ ಸಾಲದು, ಮರುಕಳಿಸುವಾಗ ಕೋಶಗಳ ಬಣವೇ ಬದಲಾಗಿರಬಹುದು. ಎಫ್‌ಎಲ್‌ಟಿ3 ಬದಲಾವಣೆ ಕಂಡರೆ ಗಿಲ್ಟೆರಿಟಿನಿಬ್, ಐಡಿಎಚ್1 ಆದರೆ ಐವೊಸಿಡೆನಿಬ್, ಐಡಿಎಚ್2 ಆದರೆ ಎನಾಸಿಡೆನಿಬ್, ಕೆಎಂಟಿ2ಎ ಮರುಜೋಡಣೆ ಆಗಿದ್ದರೆ ರೆವುಮೆನಿಬ್ ಹೀಗೆ ನೇರ ಗುರಿಯ ಔಷಧಗಳಿವೆ. 54ನೇ ವಯಸ್ಸಿಗೆ ರೋಗ ಮತ್ತೆ ತಗ್ಗಿದರೆ ದಾನಿಯ ಕಾಂಡಕೋಶ ಕಸಿ ಮುಂದಿನ ಪ್ರಶ್ನೆ. ಸಾರದ ಹಿಂದೆ ಹೋಗಿ ಈ ಪರೀಕ್ಷೆ ಎರಡು ವಾರ ತಡವಾಯಿತೆಂದರೆ ಅದೇ ದೊಡ್ಡ ನಷ್ಟ.

ತಟ್ಟೆಯಲ್ಲಿ ನಡೆಯುವುದು ಏನು

ಇಂಥ ಪ್ರಯೋಗದ ಸಾಮಾನ್ಯ ರೂಪ ಹೀಗಿರುತ್ತದೆ. ಗಿಡದ ಭಾಗವನ್ನು ನೆರಳಿನಲ್ಲೋ 40 ಡಿಗ್ರಿಯ ಒಲೆಯಲ್ಲೋ ಒಣಗಿಸಿ, ಪುಡಿ ಮಾಡಿ, ಒಂದು ಪಾಲು ಪುಡಿಗೆ ಹತ್ತು ಪಾಲಿನಂತೆ 70 ಶೇಕಡಾ ಎಥನಾಲ್‌ನಲ್ಲಿ ನೆನೆಸಿ, ಸೋಸಿ, ಕಡಿಮೆ ಒತ್ತಡದಲ್ಲಿ ದ್ರಾವಕ ಆವಿಯಾಗಿಸಿ, ಉಳಿದದ್ದನ್ನು ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸುತ್ತಾರೆ. ಕೆ562 ಅಥವಾ ಎಚ್‌ಎಲ್-60 ಎಂಬ ಕೋಶ ಸಾಲನ್ನೂ (ಪ್ರಯೋಗಾಲಯದಲ್ಲಿ ಸಾಕಿಕೊಂಡು ಬಂದ ಲ್ಯುಕೇಮಿಯಾ ಕೋಶಗಳನ್ನೂ) ಅದರ ಪ್ರತಿರೋಧಿ ರೂಪವನ್ನೂ 96 ಗುಳಿಗಳ ತಟ್ಟೆಗೆ ಹಾಕುತ್ತಾರೆ, ಗುಳಿಗೆ ಐದರಿಂದ ಹತ್ತು ಸಾವಿರ ಕೋಶ. ಕಿಮೋ ಔಷಧವೊಂದನ್ನೇ, ಸಾರವೊಂದನ್ನೇ, ಎರಡನ್ನೂ ಸೇರಿಸಿ ಹಲವು ಪ್ರಮಾಣಗಳಲ್ಲಿ ಕೊಟ್ಟು 48 ಅಥವಾ 72 ಗಂಟೆ ಬಿಟ್ಟು, ಎಷ್ಟು ಕೋಶ ಉಳಿದವು ಎಂದು ಎಣಿಸುತ್ತಾರೆ. ಅರ್ಧ ಕೋಶಗಳನ್ನು ಅಡಗಿಸುವ ಪ್ರಮಾಣಕ್ಕೆ ಐಸಿ50 ಎಂದು ಹೆಸರು.

ಪ್ರತಿರೋಧಿ ಸಾಲು ತಯಾರಾಗುವುದು ಹೇಗೆ ಎಂಬುದರಲ್ಲೇ ಮೊದಲ ಎಡವಟ್ಟಿದೆ. ಡಾಕ್ಸೊರುಬಿಸಿನ್ ಪ್ರಮಾಣವನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಏರಿಸುತ್ತಾ, ಬದುಕುಳಿದವನ್ನೇ ಸಾಕುತ್ತಾರೆ. ಕೊನೆಗೆ ಸಿಗುವುದು ಪಂಪು ವಿಪರೀತ ಹೆಚ್ಚಾಗಿರುವ ಕೋಶ. ರೋಗಿಯ ಮಜ್ಜೆಯಲ್ಲಿನ ಪ್ರತಿರೋಧಿ ಕೋಶ ಹೀಗಿರುವುದು ಅಪರೂಪ. ಅಲ್ಲಿ ಪಂಪು ಅಷ್ಟಿಷ್ಟು, ಜೀನ್ ಬದಲಾವಣೆ ನಾಲ್ಕಾರು, ಸುತ್ತಲಿನ ಮಜ್ಜೆಯ ಅಂಗಾಂಶದ ಆಸರೆ ಬೇರೆ.

ಈಗ ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಂಕಿಗಳು ವಿವರಣೆಗೆಂದು ಹಾಕಿಕೊಂಡವು. ಸಾಮಾನ್ಯ ಕೋಶಕ್ಕೆ (ಪ್ರತಿರೋಧವಿಲ್ಲದ ಲ್ಯುಕೇಮಿಯಾ ಕೋಶಕ್ಕೆ) ಡೌನೊರುಬಿಸಿನ್ ಐಸಿ50 0.05 ಮೈಕ್ರೋಮೋಲಾರ್ (ದ್ರವದಲ್ಲಿ ಔಷಧ ಎಷ್ಟು ಸಾಂದ್ರ ಎಂಬುದರ ಅಳತೆ), ಪ್ರತಿರೋಧಿ ಕೋಶಕ್ಕೆ 2 ಮೈಕ್ರೋಮೋಲಾರ್ ಎಂದಿಟ್ಟುಕೊಳ್ಳಿ. ಪ್ರತಿರೋಧ 40 ಪಟ್ಟು. ಮಿಲಿಲೀಟರ್‌ಗೆ 20 ಮೈಕ್ರೋಗ್ರಾಂ ಸಾರ ಸೇರಿಸಿದಾಗ ಪ್ರತಿರೋಧಿ ಕೋಶದ ಐಸಿ50 0.5ಕ್ಕೆ ಇಳಿಯಿತು. ಪ್ರತಿರೋಧ ನಾಲ್ಕು ಪಟ್ಟು ಮುರಿಯಿತು ಎಂದು ಶೀರ್ಷಿಕೆ ಬರುತ್ತದೆ. ತಕ್ಷಣ ಹುಡುಕಬೇಕಾದ ಅಂಕಿ ಮತ್ತೊಂದು: ಅದೇ ಸಾರ ಸಾಮಾನ್ಯ ಕೋಶಕ್ಕೆ ಸೇರಿದಾಗ ಏನಾಯಿತು? ಅಲ್ಲಿ ಐಸಿ50 0.05ರಲ್ಲೇ ನಿಂತಿದ್ದರೆ ಪ್ರತಿರೋಧದ ಮೇಲೇ ಏನೋ ನಡೆದಿದೆ. ಅಲ್ಲೂ ನಾಲ್ಕು ಪಟ್ಟು ಇಳಿದಿದ್ದರೆ ಸಾರ ಎಲ್ಲ ಕೋಶಕ್ಕೂ ವಿಷವಾಗಿದೆ, ಅಷ್ಟೇ. ಎಷ್ಟೋ ಪ್ರಬಂಧಗಳಲ್ಲಿ ಈ ಸಾಲೇ ಇರುವುದಿಲ್ಲ.

ಎರಡು ವಸ್ತುಗಳು ಒಂದನ್ನೊಂದು ಬಲಪಡಿಸುತ್ತಿವೆಯೇ ಎಂದು ತಿಳಿಯಲು ಚೌ–ತಲಾಲೆ ಕ್ರಮದ ಸಂಯೋಗ ಸೂಚ್ಯಂಕ ಬಳಸುತ್ತಾರೆ. ಒಂದಕ್ಕಿಂತ ಕಡಿಮೆ ಬಂದರೆ ಪರಸ್ಪರ ಬಲ, ಒಂದಾದರೆ ಬರೀ ಕೂಡಿಕೆ, ಹೆಚ್ಚಾದರೆ ಒಂದಕ್ಕೊಂದು ಅಡ್ಡಿ. ಮೇಲಿನ ಉದಾಹರಣೆಯಲ್ಲಿ ಸಾರವೊಂದರದೇ ಐಸಿ50 ಮಿಲಿಲೀಟರ್‌ಗೆ 80 ಮೈಕ್ರೋಗ್ರಾಂ ಎನ್ನಿ. ಜೋಡಿಯಲ್ಲಿ ಬಳಸಿದ್ದು 0.5 ಮೈಕ್ರೋಮೋಲಾರ್ ಔಷಧ, 20 ಮೈಕ್ರೋಗ್ರಾಂ ಸಾರ. 0.5ನ್ನು 2ರಿಂದ ಭಾಗಿಸಿ, 20ನ್ನು 80ರಿಂದ ಭಾಗಿಸಿ ಕೂಡಿಸಿ: 0.25 ಮತ್ತು 0.25, ಒಟ್ಟು 0.5. ಸೊಗಸಾದ ಫಲ. ಇದೇ ಫಲಕ್ಕೆ 60 ಮೈಕ್ರೋಗ್ರಾಂ ಸಾರ ಬೇಕಾಗಿದ್ದರೆ ಮೊತ್ತ 1; ಬರೀ ಕೂಡಿಕೆ. ಬರೀ ಸ್ತಂಭಚಿತ್ರ ಹಾಕಿ, ಜೋಡಿಯ ಕಂಬ ಎತ್ತರವಿದೆ ಎಂದು ಪರಸ್ಪರ ಬಲ ಸಾರುವ ಪ್ರಬಂಧವನ್ನು ಅಲ್ಲಿಗೇ ಮುಚ್ಚಿಡಬಹುದು.

ಈಗ ರಕ್ತದ ಲೆಕ್ಕಕ್ಕೆ ಬನ್ನಿ. ಮಿಲಿಲೀಟರ್‌ಗೆ 20 ಮೈಕ್ರೋಗ್ರಾಂ ಎಂದರೆ ಸುಮಾರು 3 ಲೀಟರ್ ಪ್ಲಾಸ್ಮಾದಲ್ಲಿ 60 ಮಿಲಿಗ್ರಾಂ ಸಾರ, ಹೇಗಿತ್ತೋ ಹಾಗೇ, ಎರಡು ಮೂರು ದಿನ ನಿಂತಿರಬೇಕು. ಬಾಯಿಯಿಂದ ಕೊಟ್ಟದ್ದರಲ್ಲಿ ಕರುಳು ಹೀರುವುದು ಸ್ವಲ್ಪ, ಹೀರಿದ್ದನ್ನು ಲಿವರ್ ಗ್ಲುಕುರೊನೈಡ್ ಕೂಡಿಸಿ ಹೊರಹಾಕುತ್ತದೆ, ಉಳಿದದ್ದು ಪ್ಲಾಸ್ಮಾದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ, ಮಿಕ್ಕಿದ್ದು ಕೊಬ್ಬು ಸ್ನಾಯುಗಳಿಗೆ ಹಂಚಿಹೋಗುತ್ತದೆ. ಅರಿಶಿನದ ಕರ್ಕ್ಯುಮಿನ್ ಬಗ್ಗೆ ಅಳತೆಯೇ ಇದೆ: 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲಿ ಗರಿಷ್ಠ ಸರಾಸರಿ 1.77 ಮೈಕ್ರೋಮೋಲಾರ್ ಕಂಡಿತು, ಅದೂ ಕೆಲ ಗಂಟೆಗಳ ಮಟ್ಟಿಗೆ. ಕೋಶ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹಾಕುವುದು 10ರಿಂದ 50 ಮೈಕ್ರೋಮೋಲಾರ್, ಎರಡು ದಿನ ಪೂರ್ತಿ.

ಇಲಿಗಳಲ್ಲಿ ಕೆಲಸ ಮಾಡಿತು ಎಂದರೂ ಲೆಕ್ಕ ಹಾಕಿ. ಇಲಿಯ ಡೋಸನ್ನು 12.3ರಿಂದ ಭಾಗಿಸಿದರೆ ಮನುಷ್ಯನ ಸಮಾನ ಡೋಸ್ ಸರಿಸುಮಾರು ಸಿಗುತ್ತದೆ. ಕಿಲೋಗೆ 200 ಮಿಲಿಗ್ರಾಂ ಎಂದರೆ 60 ಕಿಲೋ ವ್ಯಕ್ತಿಗೆ ಒಂದು ಗ್ರಾಂನ ಹತ್ತಿರ. ಆ ಇಲಿಗೆ ಬಾಯಿಯಿಂದ ಕೊಟ್ಟರೋ ಹೊಟ್ಟೆಯೊಳಗೆ ಚುಚ್ಚಿದರೋ ಎಂದೂ ನೋಡಿ. ಚುಚ್ಚಿದ್ದರೆ ಕರುಳಿನ ಅಡ್ಡಗೋಡೆಯನ್ನು ದಾಟಿಸಿಯೇ ಬಿಟ್ಟಿದ್ದಾರೆ.

ಅಳತೆಯೇ ಮೋಸ ಮಾಡುವ ಕಡೆಗಳು

ಗಿಡದ ಸಾರ ಬಣ್ಣದ್ದು, ಜಿಗುಟಿನದು, ನೂರು ವಸ್ತುಗಳ ಮಿಶ್ರಣ. ಶುದ್ಧ ಔಷಧಕ್ಕೆಂದು ರೂಪಿಸಿದ ಪರೀಕ್ಷೆಗಳು ಇದರ ಮುಂದೆ ತಪ್ಪು ಹೇಳುವುದುಂಟು.

ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆಗೆ ತಿರುಗಿಸುತ್ತದೆ. ಗಿಡಗಳಲ್ಲಿ ಹೇರಳವಾಗಿರುವ ಪಾಲಿಫಿನಾಲ್ ಎಂಬ ವಸ್ತುಗಳು ಕೋಶವೇ ಇಲ್ಲದಿದ್ದರೂ ಆ ಕೆಲಸ ಮಾಡಬಲ್ಲವು. ಕೋಶವಿಲ್ಲದ ಗುಳಿಯಲ್ಲಿ ಸಾರವನ್ನಷ್ಟೇ ಹಾಕಿ ನೋಡಿದ್ದಾರೆಯೇ, ಅಥವಾ ಸಾಯುತ್ತಿರುವ ಕೋಶಕ್ಕೆ ಅಂಟುವ ಅನೆಕ್ಸಿನ್-ವಿ ಬಣ್ಣ ಹಾಕಿ, ಕೋಶಗಳನ್ನು ಒಂದೊಂದಾಗಿ ನೋಡುವ ಫ್ಲೋ ಸೈಟೊಮೆಟ್ರಿ ಯಂತ್ರದಲ್ಲಿ ಮತ್ತೆ ಎಣಿಸಿದ್ದಾರೆಯೇ ಎಂಬುದು ಮುಖ್ಯ.

ಪಂಪು ನಿಂತಿತೇ ಎಂದು ನೋಡಲು ರೋಡಮಿನ್ 123 ಎಂಬ ಹೊಳೆಯುವ ಬಣ್ಣವನ್ನು ಕೋಶಕ್ಕೆ ತುಂಬಿ, ಎಷ್ಟು ಒಳಗೇ ಉಳಿಯಿತು ಎಂದು ಅಳೆಯುತ್ತಾರೆ. ಕರ್ಕ್ಯುಮಿನ್ ಕೂಡ ಹಸಿರಾಗಿಯೇ ಹೊಳೆಯುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಹೊಳಪು ಹೆಚ್ಚಿತು, ಆದ್ದರಿಂದ ಪಂಪು ನಿಂತಿತು ಎಂಬ ತೀರ್ಮಾನ ಬರೀ ಬಣ್ಣದ ಆಟವಾಗಿರಬಹುದು. ಸಾರವನ್ನು ಮಾತ್ರ ಹಾಕಿ, ರೋಡಮಿನ್ ಹಾಕದ ಗುಳಿ ಇರಲೇಬೇಕು. ಪಂಪು ತಡೆಯುವುದೆಂದು ಗೊತ್ತಿರುವ ವೆರಪಮಿಲ್ ಹಾಕಿದ ಗುಳಿಯೂ ಹೋಲಿಕೆಗೆ ಬೇಕು.

ಸ್ಯಾಪೊನಿನ್ ಹೆಚ್ಚಿರುವ ಸಾರಗಳ ಚಾಳಿ ಬೇರೆ. ಅವು ಸಾಬೂನಿನಂತೆ ಪೊರೆಯನ್ನೇ ತೂತು ಮಾಡುತ್ತವೆ. ಔಷಧ ಸಲೀಸಾಗಿ ಒಳನುಗ್ಗುತ್ತದೆ, ಪ್ರತಿರೋಧ ಮುರಿದಂತೆ ಕಾಣುತ್ತದೆ. ಅದೇ ಸಾರಕ್ಕೆ ಕೆಂಪು ರಕ್ತಕಣ ಹಾಕಿದರೆ ಅವೂ ಒಡೆಯುತ್ತವೆ.

ಡಿಎಂಎಸ್‌ಒ ಬಗ್ಗೆಯೂ ಒಂದು ಮಾತು. ಎಚ್‌ಎಲ್-60 ಕೋಶಗಳನ್ನು ಪಕ್ವಗೊಳಿಸಿ ಅವುಗಳ ಬೆಳವಣಿಗೆ ನಿಲ್ಲಿಸಲು ಸಂಶೋಧಕರು ಬಳಸುವ ವಸ್ತುವೇ ಅದು, 1.25 ಶೇಕಡಾ ಸಾಕು. ಸಾರ ಕರಗುತ್ತಿಲ್ಲವೆಂದು ದ್ರಾವಕವನ್ನು ಒಂದು ಶೇಕಡಾ ಮೀರಿ ಬಿಟ್ಟರೆ, ಗಿಡದ ಹೆಸರಿನಲ್ಲಿ ದ್ರಾವಕದ ಗುಣವನ್ನು ವರದಿ ಮಾಡಿದಂತಾಗುತ್ತದೆ. ಎಲ್ಲ ಗುಳಿಗಳಲ್ಲೂ ಒಂದೇ ಪ್ರಮಾಣ, 0.1 ಶೇಕಡಾದ ಆಸುಪಾಸಿನಲ್ಲಿ ಇರಬೇಕು.

ಇನ್ನೊಂದು ಅಡ್ಡಿ ಹೊತ್ತಿನದು. ಸೈಟರಾಬಿನ್ ಕೊಲ್ಲುವುದು ಡಿಎನ್‌ಎ ನಕಲು ಮಾಡುತ್ತಿರುವ ಕೋಶವನ್ನು. ಸಾರ ಕೋಶಚಕ್ರವನ್ನು ಅದಕ್ಕೂ ಮೊದಲೇ ನಿಲ್ಲಿಸಿದರೆ ಕೋಶ ನಿದ್ದೆಗೆ ಜಾರಿ ಸೈಟರಾಬಿನ್‌ನಿಂದ ಪಾರಾಗುತ್ತದೆ. ಆಗ ಸಾರ ರೋಗಕ್ಕೇ ರಕ್ಷಣೆ ಕೊಟ್ಟಂತೆ. ಈ ತೊಡಕನ್ನು ಹೇಗೆ ಬಿಡಿಸಬೇಕು ಎಂಬುದಕ್ಕೆ ಸಸ್ಯಮೂಲದ ಉದಾಹರಣೆಯೇ ಇದೆ. ಡಿಸಾಕ್ಸೈಲಂ ಬೈನೆಕ್ಟಾರಿಫೆರಂ ಮರದ ರೋಹಿಟುಕಿನ್ ಎಂಬ ಆಲ್ಕಲಾಯ್ಡನ್ನು ಮಾದರಿಯಾಗಿಟ್ಟು ಫ್ಲೇವೊಪಿರಿಡಾಲ್ ಎಂಬ ಕೃತಕ ಔಷಧ ತಯಾರಿಸಿದರು. ಅದನ್ನು ಮೊದಲ ಮೂರು ದಿನ ಕೊಟ್ಟು, ಎರಡು ದಿನ ಬಿಟ್ಟು, ಉಳಿದ ಕೋಶಗಳು ಮತ್ತೆ ವಿಭಜನೆಗೆ ಇಳಿಯುವ ಹೊತ್ತಿಗೆ ಆರನೇ ದಿನ ಸೈಟರಾಬಿನ್ ಶುರುಮಾಡಿ, ಒಂಬತ್ತನೇ ದಿನ ಮೈಟೊಕ್ಸಾಂಟ್ರೋನ್ ಎಂಬ ಇನ್ನೊಂದು ಕಿಮೋ ಔಷಧ ಹಾಕುವ ಕ್ರಮ ಅದು. ಹೊಸದಾಗಿ ಪತ್ತೆಯಾದ, ಅಪಾಯ ಹೆಚ್ಚಿರುವ ಎಎಂಎಲ್ ರೋಗಿಗಳಲ್ಲಿ 2015ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಒಂದು ಸುತ್ತಿಗೆ ರೋಗ ಪೂರ್ತಿ ತಗ್ಗಿದ್ದು 70 ಶೇಕಡಾ ಮಂದಿಗೆ, ರೂಢಿಯ ಕಿಮೋದಲ್ಲಿ 46 ಶೇಕಡಾ ಮಂದಿಗೆ. ಆದರೂ ಒಟ್ಟು ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶುದ್ಧ ವಸ್ತು, ಗಂಟೆ ನೋಡಿ ಕೊಟ್ಟ ಡೋಸ್, ಒಳ್ಳೆಯ ಆರಂಭ ಇಷ್ಟೆಲ್ಲ ಇದ್ದೂ ಫಲ ಇಷ್ಟೇ.

ಪಂಪನ್ನು ನಿಲ್ಲಿಸಿದಾಗ ರೋಗಿಗಳಿಗೆ ಏನಾಯಿತು

ಪಂಪು ತಡೆದರೆ ಪ್ರತಿರೋಧ ಕರಗುತ್ತದೆ ಎಂಬ ಆಸೆಯನ್ನು ಗಿಡಗಳಿಗಿಂತ ಎಷ್ಟೋ ಪಟ್ಟು ಬಲವಾದ ಔಷಧಗಳಿಂದ ರೋಗಿಗಳಲ್ಲೇ ಪರೀಕ್ಷಿಸಿ ಆಗಿದೆ. 2001ರ ಒಂದು ಅಧ್ಯಯನದಲ್ಲಿ ಸೈಕ್ಲೊಸ್ಪೊರಿನ್ ಸೇರಿಸಿದಾಗ ಎಎಂಎಲ್ ರೋಗಿಗಳಿಗೆ ಲಾಭ ಕಂಡಿತು, ಉತ್ಸಾಹ ಏರಿತು. ಮುಂದೆ 60 ದಾಟಿದವರಲ್ಲಿ ವಾಲ್ಸ್‌ಪೊಡಾರ್ ಸೇರಿಸಿದಾಗ ಚಿಕಿತ್ಸೆಯ ಆರಂಭದಲ್ಲೇ ಸಾವುಗಳು ಹೆಚ್ಚಾದವು, ಆ ಗುಂಪನ್ನು ಮಧ್ಯದಲ್ಲೇ ಮುಚ್ಚಿದರು. ಡೌನೊರುಬಿಸಿನ್ ಅನ್ನು ಚದರ ಮೀಟರ್‌ಗೆ 60ರಿಂದ 40 ಮಿಲಿಗ್ರಾಂಗೆ ಮೊದಲೇ ಇಳಿಸಿದ್ದರೂ ಹೀಗಾಯಿತು. ಹೆಚ್ಚು ಕರಾರುವಾಕ್ಕಾದ ಜೊಸುಕ್ವಿಡಾರ್ ಕೂಡ 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಿಸಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಆ ಪಂಪು ಕ್ಯಾನ್ಸರ್ ಕೋಶದ ಖಾಸಗಿ ಆಸ್ತಿಯಲ್ಲ. ಕರುಳು, ಲಿವರ್, ಮೂತ್ರಪಿಂಡ, ಮಿದುಳಿನ ರಕ್ತನಾಳ, ಮಜ್ಜೆಯ ಆರೋಗ್ಯವಂತ ಕಾಂಡಕೋಶ ಎಲ್ಲೆಡೆ ಇದೆ. ಅದನ್ನು ತಡೆದರೆ ಔಷಧ ದೇಹದಿಂದ ಹೊರಹೋಗುವುದೇ ನಿಧಾನವಾಗಿ, ಡೋಸ್ ತಾನಾಗಿಯೇ ಏರಿದಂತಾಗುತ್ತದೆ. ನಿಜಕ್ಕೂ ಪಂಪು ತಡೆಯುವ ಸಾರ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗ ಅದನ್ನು ಮನೆಯಲ್ಲಿ ಕೊಡಬಾರದೆಂಬುದಕ್ಕೆ ಅದೇ ಬಲವಾದ ಕಾರಣ.

ನೀವು ಹೆಸರಿಸಿದವು, ಮತ್ತು ಹೆಸರಿಸದ ಕೆಲವು

ಅರಿಶಿನದ ಕ್ಯಾಪ್ಸೂಲ್‌ನ ಹಿಂಬದಿ ಓದಿ. ಹೀರುವಿಕೆ ಹೆಚ್ಚಿಸಲೆಂದು ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. 1998ರ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಲಭ್ಯತೆ 2000 ಶೇಕಡಾ ಏರಿತ್ತು. ಪೈಪರಿನ್ ಅದನ್ನು ಸಾಧಿಸುವುದು ಔಷಧಗಳನ್ನು ಹೊರಹಾಕುವ ದಾರಿಗಳಿಗೆ ಅಡ್ಡಿ ಮಾಡಿ. ಸಿವೈಪಿ3ಎ4 ಎಂಬ ಕಿಣ್ವ, ಪಿ-ಗ್ಲೈಕೊಪ್ರೋಟೀನ್ ಎರಡನ್ನೂ ಅದು ತಡೆಯಬಲ್ಲದು. ಅದೇ ಕಿಣ್ವ ವೆನೆಟೊಕ್ಲಾಕ್ಸ್, ಗಿಲ್ಟೆರಿಟಿನಿಬ್, ವಿನ್‌ಕ್ರಿಸ್ಟಿನ್‌ಗಳನ್ನೂ ಒಡೆಯುತ್ತದೆ. ಎಎಂಎಲ್‌ಗೆ ವೆನೆಟೊಕ್ಲಾಕ್ಸ್ ಡೋಸ್ ಅಜಾಸೈಟಿಡಿನ್ ಜೊತೆ ದಿನಕ್ಕೆ 400 ಮಿಲಿಗ್ರಾಂ. ಈ ಕಿಣ್ವವನ್ನು ಬಲವಾಗಿ ತಡೆಯುವ ಪೊಸಕೊನಜೋಲ್ ಎಂಬ ಶಿಲೀಂಧ್ರ ನಾಶಕ ಸೇರಿದರೆ ಅದನ್ನು 70ಕ್ಕೆ ಇಳಿಸುತ್ತಾರೆ. ಪೈಪರಿನ್ ಅಷ್ಟು ಬಲದ್ದಲ್ಲ, ಆದರೆ ಅದಕ್ಕೆ ಎಷ್ಟು ಇಳಿಸಬೇಕೆಂದು ಡೋಸ್ ಪಟ್ಟಿಯಲ್ಲಿ ಬರೆದಿಲ್ಲ. ಕ್ರಾನಿಕ್ ಮೈಲಾಯ್ಡ್ ರೋಗಿಗಳಿಗೆ ಇಮಾಟಿನಿಬ್ ಜೊತೆ ದಿನಕ್ಕೆ 15 ಗ್ರಾಂ ಅರಿಶಿನ ಪುಡಿ ಕೊಟ್ಟ ಒಂದು ಸಣ್ಣ ಅಧ್ಯಯನವನ್ನು ಹಲವರು ಉಲ್ಲೇಖಿಸುತ್ತಾರೆ. ಅದರಲ್ಲಿ ಅಳೆದದ್ದು ರಕ್ತದ ನೈಟ್ರಿಕ್ ಆಕ್ಸೈಡ್, ರೋಗ ತಗ್ಗುವಿಕೆಯಲ್ಲ. ಅಡುಗೆಯ ಚಿಟಿಕೆ ಅರಿಶಿನಕ್ಕೆ ಇದಾವುದೂ ಅನ್ವಯಿಸುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಹಸಿರು ಚಹಾದ ಸಾರದ ಕಥೆ ಕುತೂಹಲದ್ದು. ಕ್ರಾನಿಕ್ ಲಿಂಫೊಸೈಟಿಕ್ ಲ್ಯುಕೇಮಿಯಾದ ಆರಂಭದ ಹಂತದವರಿಗೆ ಅಳತೆಗೊಳಿಸಿದ ಸಾರವನ್ನು 2000 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಟ್ಟ ಎರಡನೇ ಹಂತದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಸುಮಾರು ಮೂರನೇ ಒಂದು ಪಾಲು ರೋಗಿಗಳಲ್ಲಿ ಲಿಂಫೊಸೈಟ್ ಕೌಂಟ್ ಕನಿಷ್ಠ 20 ಶೇಕಡಾ ಇಳಿದು ನಿಂತಿತು. ಗಿಡದ ಸಾರದ ಪರ ಇರುವ ಪ್ರಾಮಾಣಿಕ ಸಾಕ್ಷ್ಯಗಳಲ್ಲಿ ಇದೊಂದು. ಆದರೆ ಅದು ನಿಧಾನ ರೋಗ, ಕಿಮೋ ಇಲ್ಲದ ರೋಗಿಗಳು; ನಿಮ್ಮ ಅಣ್ಣನದು ಅದರ ತದ್ವಿರುದ್ಧ ಸ್ಥಿತಿ. ಇದೇ ಸಾರದ ಇಜಿಸಿಜಿ ಎಂಬ ಅಂಶ ಬೊರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಕ್ಕೆ ನೇರವಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದು 2009ರಲ್ಲಿ ಇಲಿ ಮತ್ತು ಕೋಶ ಪ್ರಯೋಗಗಳಲ್ಲಿ ಕಂಡಿತು. ಹೆಚ್ಚು ಡೋಸ್‌ನಲ್ಲಿ ಲಿವರ್ ಹಾನಿಯ ವರದಿಗಳೂ ಇವೆ.

ಅಮೃತಬಳ್ಳಿ, ಅಶ್ವಗಂಧ ಎರಡರಿಂದಲೂ ಲಿವರ್ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಿಮೋ ನಡುವೆ ಲಿವರ್ ಹಾನಿ ತೋರಿಸುವ ಎಎಲ್‌ಟಿ ಎಂಬ ಕಿಣ್ವ ರಕ್ತದಲ್ಲಿ ಏರಿತೆಂದರೆ ಅದು ಔಷಧದಿಂದಲೋ, ಕಷಾಯದಿಂದಲೋ, ಸೋಂಕಿನಿಂದಲೋ ತಿಳಿಯದೆ ವೈದ್ಯರು ಕಿಮೋವನ್ನೇ ಮುಂದೂಡಬೇಕಾಗುತ್ತದೆ. ಅಮೃತಬಳ್ಳಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ ಎಂದೇ ಅದನ್ನು ಕೊಡುವುದು. ದಾನಿಯ ಕಸಿಯಾದ ಮೇಲೆ ಹಾಗೆ ಕೆರಳಿಸುವುದು ಬೇಡವೇ ಬೇಡ.

ಮನಸ್ಸಿನ ಖಿನ್ನತೆಗೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಉಲ್ಟಾ ಕೆಲಸ ಮಾಡುತ್ತದೆ: ಸಿವೈಪಿ3ಎ4 ಅನ್ನು ಚುರುಕುಗೊಳಿಸಿ ಔಷಧವನ್ನು ಬೇಗ ಹೊರದಬ್ಬುತ್ತದೆ. ಆರೋಗ್ಯವಂತರಲ್ಲಿ ಎರಡು ವಾರ ಕೊಟ್ಟಾಗ ಇಮಾಟಿನಿಬ್ ಮಟ್ಟ ಸುಮಾರು 30 ಶೇಕಡಾ ಇಳಿಯಿತು. ಮನೆಯವರು ಗಿಡಮೂಲಿಕೆಯಿಂದ ಪ್ರತಿರೋಧ ಮುರಿಯುತ್ತಿದ್ದೇವೆ ಎಂದುಕೊಂಡಿರುತ್ತಾರೆ, ಆಗುತ್ತಿರುವುದು ಡೋಸ್ ಕಡಿತ. ಜ್ಯೇಷ್ಠಮಧು ಹೆಚ್ಚಾದರೆ ಪೊಟ್ಯಾಸಿಯಂ ಇಳಿಯುತ್ತದೆ. ಆರ್ಸೆನಿಕ್ ಟ್ರೈಆಕ್ಸೈಡ್, ನಿಲೊಟಿನಿಬ್, ಗಿಲ್ಟೆರಿಟಿನಿಬ್ ಪಡೆಯುವವರಲ್ಲಿ ಅದು ಹೃದಯದ ಲಯವನ್ನೇ ಕೆಡಿಸಬಲ್ಲದು. ಗಿಂಕೊ, ಬೆಳ್ಳುಳ್ಳಿಯ ಸಾಂದ್ರ ಕ್ಯಾಪ್ಸೂಲ್‌ಗಳು ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಪ್ಲೇಟ್‌ಲೆಟ್ 20,000ಕ್ಕಿಂತ ಕೆಳಗಿರುವವರಿಗೆ ಅದು ಆಟವಲ್ಲ.

ಇವೆಲ್ಲಕ್ಕಿಂತ ಸಾಮಾನ್ಯವಾದ ಅಪಾಯದ ಬಗ್ಗೆ ಪ್ರಬಂಧಗಳು ಮಾತನ್ನೇ ಆಡುವುದಿಲ್ಲ. ಒಣ ಚೂರ್ಣದಲ್ಲಿ ಬ್ಯಾಕ್ಟೀರಿಯಾ, ಬೂಷ್ಟಿನ ಬೀಜಕಣ ಇರುತ್ತವೆ. ಆರೋಗ್ಯವಂತನ ಹೊಟ್ಟೆಗೆ ಲೆಕ್ಕಕ್ಕಿಲ್ಲ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ 500ಕ್ಕಿಂತ ಇಳಿದು, ಕಿಮೋದಿಂದ ಬಾಯಿ ಕರುಳಿನ ಒಳಪದರ ಕಿತ್ತುಹೋಗಿರುವ ರೋಗಿಗೆ ಅದೇ ರಕ್ತದ ಸೋಂಕಿನ ದಾರಿ.

ಈಗ ಮಾಡಬಹುದಾದದ್ದು

ಮನೆಯಲ್ಲಿರುವ ಎಲ್ಲ ಡಬ್ಬಿ, ಪುಡಿ, ಕಷಾಯದ ಸಾಮಗ್ರಿಗಳ ಲೇಬಲ್ ಫೋಟೊ ತೆಗೆದು, ಯಾವುದನ್ನು ಯಾವ ದಿನದಿಂದ ಎಷ್ಟು ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೂ ಆಸ್ಪತ್ರೆಯ ಔಷಧ ತಜ್ಞರಿಗೂ ತೋರಿಸಿ. ನಿಲ್ಲಿಸಿದ ಮಾತ್ರಕ್ಕೆ ಪರಿಣಾಮ ಅಂದೇ ಹೋಗುವುದಿಲ್ಲ. ಕಿಣ್ವ ಚುರುಕಾಗಿದ್ದರೆ ಮೊದಲ ಸ್ಥಿತಿಗೆ ಬರಲು ಎರಡು ವಾರದವರೆಗೆ ಹಿಡಿಯಬಹುದು. ಡೋಸ್ ನಿರ್ಧರಿಸುವವರಿಗೆ ಆ ದಿನಾಂಕ ಬೇಕು.

ವೈದ್ಯರನ್ನು ಕೇಳಬೇಕಾದದ್ದು: ಮರುಕಳಿಸಿದ ಕೋಶದ ಜೀನ್ ವರದಿ ಬಂದಿದೆಯೇ, ಅದಕ್ಕೆ ಹೊಂದುವ ಗುರಿ ಔಷಧ ಇದೆಯೇ, ಕಸಿಗೆ ದಾನಿ ಹುಡುಕಾಟ ಶುರುವಾಗಿದೆಯೇ, ಸೇರಬಹುದಾದ ಕ್ಲಿನಿಕಲ್ ಟ್ರಯಲ್ ಇದೆಯೇ. ಸಸ್ಯಮೂಲದ ವಸ್ತುವಿನ ಮೇಲೇ ನಿಮಗೆ ಒಲವಿದ್ದರೆ ಅದಕ್ಕೂ ಸರಿಯಾದ ಬಾಗಿಲು ಟ್ರಯಲ್ಲೇ. ಅಲ್ಲಿ ಪ್ರತಿ ಬ್ಯಾಚಿನಲ್ಲಿ ಸಕ್ರಿಯ ಅಂಶ ಎಷ್ಟಿದೆ ಎಂದು ಅಳೆದಿರುತ್ತಾರೆ, ರಕ್ತದಲ್ಲಿ ಕಿಮೋ ಮಟ್ಟ ಏರಿತೇ ಇಳಿಯಿತೇ ಎಂದು ನೋಡುತ್ತಾರೆ, ಲಿವರ್ ಕೆಟ್ಟರೆ ಯಾವ ಹಂತದಲ್ಲಿ ನಿಲ್ಲಿಸಬೇಕೆಂದು ಮೊದಲೇ ಬರೆದಿರುತ್ತಾರೆ. ಹಣ ಪಡೆದು ಸೇರಿಸಿಕೊಳ್ಳುವ, ನೋಂದಣಿ ಸಂಖ್ಯೆ ತೋರಿಸದ ‘ಟ್ರಯಲ್’ ಟ್ರಯಲ್ ಅಲ್ಲ.

ವಾಂತಿ, ಬಾಯಿ ಹುಣ್ಣು, ನಿದ್ದೆಗೇಡು, ಹಸಿವಿಲ್ಲದಿರುವುದು ಇವುಗಳಿಗೆಂದು ಕಷಾಯದತ್ತ ಹೋಗುತ್ತಿದ್ದರೆ ಆ ತೊಂದರೆಯನ್ನೇ ವೈದ್ಯರ ಮುಂದೆ ಹೇಳಿ. ಪ್ರತಿಯೊಂದಕ್ಕೂ ಕಿಮೋಗೆ ಅಡ್ಡಬಾರದ ಔಷಧಗಳಿವೆ. ಮತ್ತು ಕೌಂಟ್ ಇಳಿದಿರುವ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಷಾಯವೂ ಬೇಡ, ಜ್ವರದ ಮಾತ್ರೆಯನ್ನೂ ನಿಮ್ಮಷ್ಟಕ್ಕೆ ಕೊಡಬೇಡಿ. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ; ಮೊದಲ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಹೋಗಬೇಕು.